ಹಿಮದಲ್ಲಿ ಚೈನು, ಬಾಯಲ್ಲಿ ಜೀವ

"ನಿನ್ನ ಕೈಲಿ ಆಗಲ್ಲ" ಅಂತ ಹೇಳಿದವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಹೇಳಿದ್ದು ಮೆಲ್ಬರ್ನಿನ ಟ್ರುಗನಿನಾದಲ್ಲಿ, ಅವರ ಹೊಸ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ, ಎಲ್ಲರ ಎದುರಿಗೆ.

"ನೋಡಮ್ಮ, ಸಿಡ್ನಿಯಲ್ಲಿ ಎಪ್ಪಿಂಗ್‌ನಿಂದ ಮ್ಯಾಕ್ವೆರಿ ಪಾರ್ಕಿನ ಆಫೀಸುಗಳಿಗೆ ಊಟದ ಡಬ್ಬಿ ಸಾಗಿಸೋದು ಬೇರೆ, ಜನರನ್ನ ಕೂರಿಸ್ಕೊಂಡು ಹಿಮದ ಬೆಟ್ಟ ಹತ್ತೋದು ಬೇರೆ."

"ನೀವು ಹತ್ತಿದೀರಾ ಭಾವ?" ಅಂದೆ.

"ನಾನ್ಯಾಕೆ ಹತ್ತಲಿ? ನನಗೇನು ತಲೆ ಕೆಟ್ಟಿದೆಯಾ?" ಅಂದರು.

ನಾನಾಗಲೇ ಡಬ್ಬಿ ಕೆಲಸ ಬಿಟ್ಟು ಹಳೆಯದೊಂದು ವ್ಯಾನ್ ಕೊಂಡಾಗಿತ್ತು. ಚಳಿಗಾಲದ ವಾರಾಂತ್ಯಗಳಲ್ಲಿ ನಮ್ಮ ಜನರನ್ನು ಸಿಡ್ನಿಯಿಂದ ಹಿಮ ನೋಡಲು ಕರೆದೊಯ್ಯುವ ಯೋಚನೆ. ಒಂದೇ ಒಂದು ಸಲ ಅರ್ಧ ದಾರಿಯಿಂದ ವಾಪಸ್ ಬಂದರೂ ಎಪ್ಪಿಂಗ್ ತುಂಬ ಸುದ್ದಿಯಾಗಿ ಮತ್ತೆ ಯಾರೂ ಬುಕ್ ಮಾಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಾಗಾಗಿ ಆ ವರ್ಷವೆಲ್ಲ ಹೆದರಿಕೊಂಡೇ ಓಡಿಸಿದೆ. ಹಿಮದ ರಸ್ತೆಯಲ್ಲಿ ನಗುವಂಥದ್ದು ದಿನಾ ನಡೆಯುತ್ತದೆ. ನಗು ಬರುವುದು ಮಾತ್ರ ಮನೆ ಸೇರಿ, ಕೈಕಾಲು ಎಲ್ಲ ಇದೆ ಅಂತ ನೋಡಿಕೊಂಡ ಮೇಲೆ.

ಕಟ್ಟಿಹಾಕಿದ ವ್ಯಾನು

ಹಿಮದಲ್ಲಿ ಬರಿಯ ಟೈರು ಜಾರುತ್ತದೆ. ಎಂಜಿನ್ ತಿರುಗಿಸುವ ಚಕ್ರಗಳಿಗೆ ಕಬ್ಬಿಣದ ಚೈನು ಸುತ್ತಿ, ಚಕ್ರದ ಹಿಂದೆ ಕೈ ಹಾಕಿ ಒಳಗಿನ ಕೊಕ್ಕೆ ಸಿಕ್ಕಿಸಬೇಕು. ನಾನು ಸ್ಕೂಲಿಗೆ ಹೋದದ್ದು ಏಳನೇ ಕ್ಲಾಸಿನವರೆಗೆ. ಇಂಗ್ಲಿಷ್ ಓದಲು ಕಲಿತದ್ದು ಇಲ್ಲಿನ ಲೈಬ್ರರಿಯಲ್ಲಿ, ಒಬ್ಬಳೇ ಕೂತು. ಚೈನಿನ ಜೊತೆ ಬಂದ ಹಾಳೆಯನ್ನು ಬಾಯಿಪಾಠ ಆಗುವವರೆಗೆ ಓದಿದೆ. ಬೆಟ್ಟದಲ್ಲಿ ಕೈ ಮರಗಟ್ಟುತ್ತದೆ ಅಂತ ಅದರಲ್ಲಿತ್ತು. ಅದಕ್ಕೇ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಐಸ್ ನೀರಿನ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಚೈನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದೆ.

ಕೆಳಗಿನ ಮನೆಯ ಬಿಳಿ ಅಜ್ಜಿ ಎರಡು ದಿನ ಕಿಟಕಿಯಿಂದ ನೋಡಿದಳು. ಮೂರನೇ ದಿನ ಹೊರಗೆ ಬಂದು ಮೆಲ್ಲಗೆ ಕೇಳಿದಳು: "ಇಲ್ಲಿ ಕಳ್ಳರು ಅಷ್ಟು ಜಾಸ್ತಿಯಾಗಿದ್ದಾರಾ?"

"ಇದು ಹಿಮಕ್ಕೆ" ಅಂದೆ.

ಅವಳು ಸಿಡ್ನಿಯ ಬಿಸಿಲನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಒಳಗೆ ಹೋದಳು. ಮರುದಿನ ಅವಳು ತರಕಾರಿ ತರುವ ಕೈಗಾಡಿಗೂ ಬೀಗ ಬಿದ್ದಿತ್ತು.

ಬೆಟ್ಟದ ಕಡೆಗೆ

ಮೊದಲ ಟ್ರಿಪ್. ಚೈನು ಹಾಕಿ ಹತ್ತುತ್ತಿದ್ದೇವೆ. ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ. ಮಂಜಿನಲ್ಲಿ ಕಣಿವೆಯ ತಳ ಕಾಣುತ್ತಿರಲಿಲ್ಲ. ಕಂಡಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲವೇನೋ. ಅಂತ್ಯಾಕ್ಷರಿ ಹಾಡುತ್ತಿದ್ದ ಜನ ಒಮ್ಮೆಗೇ ಸುಮ್ಮನಾದರು. ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ಸೀಟ್ ಬೆಲ್ಟಿನೊಳಗಿಂದಲೇ ಸೊಂಟ ಬಗ್ಗಿಸಿ ಎಡಕ್ಕೆ ವಾಲಿದ್ದಾರೆ.

"ಏನಾಯ್ತು?" ಅಂದೆ.

"ಏನಿಲ್ಲ ಆಂಟಿ, ಭಾರ ಬೆಟ್ಟದ ಕಡೆಗಿರಲಿ ಅಂತ" ಅಂದ ಒಬ್ಬ ಎಂಜಿನಿಯರ್.

ತಿರುವು ಬಂತು, ಕಣಿವೆ ಎಡಕ್ಕೆ ಹೋಯಿತು. ಎಲ್ಲರೂ ಬಲಕ್ಕೆ ವಾಲಿದರು. ಹೀಗೇ ಬೆಟ್ಟದ ತುದಿಯವರೆಗೆ. ಇಳಿಯುವಾಗ ಅದೇ ಎಂಜಿನಿಯರ್ ಸೊಂಟ ಹಿಡಿದುಕೊಂಡು ಹೇಳಿದ: "ನೀವು ಬಿಡಿ ಆಂಟಿ, ಆರಾಮಾಗಿ ಕೂತ್ಕೊಂಡು ಬಂದ್ರಿ."

ನಾನೂ ಅಷ್ಟೂ ಹೊತ್ತು ವಾಲಿಕೊಂಡೇ ಓಡಿಸಿದ್ದೆ. ಹೇಳಲಿಲ್ಲ.

ರಾಮನಾಮ

ಇನ್ನೊಂದು ಸಲ ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ನನ್ನ ಹಿಂದಿನ ಸೀಟಿನಲ್ಲಿದ್ದರು. ವ್ಯಾನು ಹತ್ತತೊಡಗಿದಾಗ ಕಣ್ಣು ಮುಚ್ಚಿ "ರಾಮ, ರಾಮ" ಶುರು ಮಾಡಿದರು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಢಬ್, ಢಬ್ ಅಂತ ಸದ್ದು. ಅಜ್ಜಿಯ ಜಪ ಅದಕ್ಕೆ ಸರಿಯಾಗಿ ಕೂತಿತು. ನನಗೆ ಗಾಬರಿ, ನಿಲ್ಲಿಸಲು ಅಗಲವಾದ ಜಾಗ ಹುಡುಕುತ್ತ ವೇಗ ಸ್ವಲ್ಪ ಹೆಚ್ಚಿಸಿದೆ. ಢಬಢಬ, ರಾಮರಾಮ.

ಅಜ್ಜಿ ಏದುಸಿರು ಬಿಡುತ್ತ ಭುಜ ತಟ್ಟಿದರು. "ಸ್ವಲ್ಪ ನಿಧಾನ ಹೋಗಮ್ಮ, ದೇವರ ಹೆಸರು ಪೂರ್ತಿ ಬಾಯಿಗೆ ಬರ್ತಿಲ್ಲ."

ನಿಲ್ಲಿಸಿ ನೋಡಿದೆ. ಚೈನಿನ ಒಂದು ಕೊಂಡಿ ಬಿಟ್ಟುಕೊಂಡು ಬ್ರೇಕಿನ ಪೈಪಿಗೆ ಹೊಡೆಯುತ್ತಿತ್ತು. ಪೈಪು ಹರಿದಿದ್ದರೆ ಬ್ರೇಕೇ ಇರುತ್ತಿರಲಿಲ್ಲ. ಕೊಂಡಿ ಸರಿಮಾಡಿ ಹೊರಟಾಗ ಸದ್ದು ನಿಂತಿತ್ತು. ಅಜ್ಜಿ ಬೇಜಾರಿನಿಂದ ಅಂದರು: "ಚೆನ್ನಾಗಿತ್ತಲ್ಲಮ್ಮ ತಾಳ, ಯಾಕೆ ತೆಗೆದೆ?"

ಕೆಂಪು ಹಿಮ

ಆಗಸ್ಟಿನಲ್ಲಿ, ಅಂದರೆ ಇಲ್ಲಿನ ಚಳಿಗಾಲದಲ್ಲಿ, ಭಾವನೇ ಮೆಲ್ಬರ್ನಿನಿಂದ ಬಂದಿಳಿದರು. "ಹೇಗೆ ಓಡಿಸ್ತೀಯೋ ನೋಡೋಣ" ಅಂತ ಮುಂದಿನ ಸೀಟಿನಲ್ಲಿ ಕೂತರು. ಜೊತೆಗೆ ಅವರ ಹೆಂಡತಿ, ನಾನು ಅಕ್ಕ ಅನ್ನುವವರು. ಹಿಂದೆ ವ್ಯಾನ್ ತುಂಬ ಜನ.

ಚೈನು ಹಾಕಲು ರಸ್ತೆ ಪಕ್ಕದಲ್ಲಿ ನಿಲ್ಲಿಸಿದೆ. ಹಾಕಿ ಎದ್ದೆ. "ಒಳಗಿನ ಕೊಕ್ಕೆ ಸರಿಯಾಗಿ ಬಿದ್ದಿಲ್ಲ, ಸರಿ ಆ ಕಡೆ" ಅಂತ ಭಾವ ಹಿಮದ ಮೇಲೆ ಅಂಗಾತ ಮಲಗಿ ವ್ಯಾನಿನ ಕೆಳಗೆ ತೂರಿದರು. ಸೊಂಟದಿಂದ ಕೆಳಗೆ ಮಾತ್ರ ಹೊರಗಿತ್ತು. ಅವರ ಕೋಟು ಚೈನಿಗೆ ಸಿಕ್ಕಿಕೊಂಡು ಈಚೆ ಬರಲಾಗಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಅಷ್ಟರಲ್ಲಿ ಅಕ್ಕ, "ಮುಂದೆ ದಾರಿ ಕೆಟ್ಟದಂತೆ, ವ್ಯಾನಿಗೆ ದೃಷ್ಟಿ ತೆಗೀತೀನಿ" ಅಂತ ಅರಿಶಿನ ಸುಣ್ಣ ಕಲಸಿದ ಆರತಿ ನೀರು ನಿವಾಳಿಸಿ ಚಕ್ರದ ಪಕ್ಕ ಚೆಲ್ಲಿದರು. ಬಿಳಿ ಹಿಮದ ಮೇಲೆ ಅದು ಕೆಂಪಗೆ ಹರಡಿ ಭಾವನ ಪ್ಯಾಂಟಿನವರೆಗೆ ಹೋಯಿತು.

ಆಗ ಬಂದ, ಕಿತ್ತಲೆ ಬಣ್ಣದ ಕೋಟಿನ ರಸ್ತೆ ಅಧಿಕಾರಿ. ಅವನಿಗೆ ಕಂಡದ್ದು ವ್ಯಾನಿನ ಕೆಳಗೆ ಎರಡು ಕಾಲು, ಸುತ್ತ ಕೆಂಪು, ಪಕ್ಕದಲ್ಲಿ ಮಿಕ್ಕ ಕಬ್ಬಿಣದ ಬಿಡಿ ಚೈನು ಹಿಡಿದು ನಿಂತ ನಾನು.

"ಎಷ್ಟು ಹೊತ್ತಿನಿಂದ ಹೀಗಿದ್ದಾರೆ?" ಅಂತ ಅಕ್ಕನನ್ನು ಕೇಳಿದ.

"ಮದುವೆ ಆದಾಗಿಂದ ಹೀಗೇ, ಯಾರ ಮಾತೂ ಕೇಳಲ್ಲ" ಅಂದರು ಅಕ್ಕ ಇಂಗ್ಲಿಷಿನಲ್ಲಿ.

ಅವನು ಮೊಣಕಾಲೂರಿ ಕೂತ. "ಸರ್, ಅಲ್ಲಾಡಬೇಡಿ. ನಿಮ್ಮ ಕಾಲು ನಿಮಗೆ ಗೊತ್ತಾಗ್ತಿದೆಯಾ?"

ಅಷ್ಟು ಹೊತ್ತು ಹಿಮದ ಮೇಲೆ ಮಲಗಿದ್ದ ಭಾವ ಇದ್ದದ್ದನ್ನೇ ಹೇಳಿದರು. "ಇಲ್ಲ."

ಅರಿಶಿನ ಸುಣ್ಣ ಅಂತ ನಾನು ವಿವರಿಸಿದೆ. ಅವನು ಬೆರಳಲ್ಲಿ ಮುಟ್ಟಿ, ಮೂಸಿ, ನಂಬಿದ. ಆದರೆ ಕಾಲು ಗೊತ್ತಾಗದವರನ್ನು ಹಾಗೇ ಬಿಡುವಂತಿಲ್ಲವಂತೆ. ಆಂಬ್ಯುಲೆನ್ಸ್ ಬಂತು. ಕೋಟು ಬಿಡಿಸಿ, ಭಾವನನ್ನು ಕುತ್ತಿಗೆಯವರೆಗೆ ಬೆಳ್ಳಿ ಹಾಳೆಯಲ್ಲಿ ಪರಾಠ ಸುತ್ತಿದ ಹಾಗೆ ಸುತ್ತಿದರು. "ಬರೀ ಚಳಿ ಕಣ್ರೀ" ಅಂತ ಅವರು ಕನ್ನಡದಲ್ಲಿ ಕೂಗುತ್ತಲೇ ಇದ್ದರು.

ಅಧಿಕಾರಿ ನನ್ನ ಕಡೆ ತಿರುಗಿದ. "ಡ್ರೈವರ್ ಯಾರು?"

ವಾಪಸ್ ಹೋಗಿ ಅಂತಾನೆ, ಇಲ್ಲಿಗೆ ಮುಗಿಯಿತು ನನ್ನ ಕಥೆ ಅಂದುಕೊಂಡೆ. ಕೈ ಎತ್ತಿದೆ. ಅವನು ಬಗ್ಗಿ ಎರಡೂ ಚೈನು ಎಳೆದು ನೋಡಿದ, ಒಳಗಿನ ಕೊಕ್ಕೆಗೂ ಕೈ ಹಾಕಿ ನೋಡಿದ.

"ಸರಿಯಾಗಿದೆ, ಹೋಗಿ" ಅಂದ.

"ನೀವು ಭಾವನ ಜೊತೆ ಆಂಬ್ಯುಲೆನ್ಸಿನಲ್ಲಿ ಹೋಗ್ತೀರಾ ಅಕ್ಕ?" ಅಂತ ಕೇಳಿದೆ.

ಅಕ್ಕ ಮುಂದಿನ ಸೀಟು ಹತ್ತಿ ಬೆಲ್ಟ್ ಹಾಕಿಕೊಂಡರು. "ಅಲ್ಲಿ ಹೀಟರ್ ಇದೆ, ನೋಡಿಕೊಳ್ಳೋರೂ ಇದಾರೆ. ನಾನು ಇಷ್ಟು ದೂರ ಬಂದಿರೋದು ಹಿಮ ನೋಡೋಕೆ. ನಡಿ."

ಈಗ ನನ್ನ ಹೆಸರಿನಲ್ಲಿ ಎರಡು ವ್ಯಾನಿವೆ. ಎರಡಕ್ಕೂ ಚೈನಿದೆ, ಹೊಸದಕ್ಕೆ ಹಿಮದ ಟೈರೂ ಇದೆ. ಇದಕ್ಕೆ ತೆತ್ತದ್ದು ಹೆದರಿ ಕಚ್ಚಿ ಕಚ್ಚಿ ಮುರಿದುಕೊಂಡ ಒಂದು ದವಡೆ ಹಲ್ಲು, ಮತ್ತೆ ಬಲಗೈಯ ಎರಡು ಬೆರಳ ತುದಿಯ ಸ್ಪರ್ಶ. ಬಿಸಿ, ತಂಪು ಅವಕ್ಕೆ ತಿಳಿಯುವುದಿಲ್ಲ. ಹೆಂಚಿನ ಮೇಲೆ ಚಪಾತಿ ತಿರುವಿ ಹಾಕಲು ಅನುಕೂಲವಾಗಿದೆ.