ಭಾವನ ಹನ್ನೊಂದು ಎಲ್ಬೋ

ಆಫ್ರಿಕಾದಲ್ಲಿ ಕೂತು ಮನೆ ಬಿಸಿ ಮಾಡಲು ಹೊರಟ ಮಹಾನುಭಾವರು ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ! ಊರಿಗೆ ಕಾಗದ ಬರೆದರೆ ಯಾರೂ ನಂಬಲಿಲ್ಲ. ನೈರೋಬಿಯ ಜುಲೈ ಚಳಿ ಅವರಿಗೆ ಹೇಗೆ ಗೊತ್ತಾಗಬೇಕು? "ಡ್ಯಾಡ್, ದಿಸ್ ಈಸ್ ಆಫ್ರಿಕಾ!" ಎಂದು ಅವರ ಮಗಳೇ ನಕ್ಕಳು, ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು.

ಇದಕ್ಕೆಲ್ಲ ಕಾರಣ ನನ್ನ ಅಕ್ಕ. ಅವಳು ಕೇರಂ ಹುಲಿ. ಹರ್ಲಿಂಗ್‌ಹ್ಯಾಮ್ ಬಡಾವಣೆಯ ಆ ಮನೆಗೆ ಭಾನುವಾರ ಬಂದ ಕನ್ನಡಿಗರೆಲ್ಲ ಊಟ ಮಾಡಿ, ಅವಳ ಕೈಲಿ ಸೋತು, ಕಾಫಿ ಕುಡಿದು ಹೋಗುವುದು ವಾಡಿಕೆ. ಜುಲೈಯಲ್ಲಿ ಮಾತ್ರ ಚಳಿಗೆ ಅವಳ ಬೆರಳಿನ ಗೆಣ್ಣುಗಳು ಊದಿಕೊಳ್ಳುತ್ತಿದ್ದವು. ವರ್ಷದಲ್ಲಿ ಭಾವ ಗೆಲ್ಲುತ್ತಿದ್ದದ್ದು ಆ ಒಂದೇ ತಿಂಗಳು!

ನಾನು ಅವರ ಮನೆಯಲ್ಲಿದ್ದ ಮೊದಲ ಜುಲೈಯಲ್ಲಿ ಅಕ್ಕ ಬೋರ್ಡನ್ನು ಗೋಡೆಗೆ ಒರಗಿಸಿ, "ಸಾಕು ಕಣ್ರೀ. ಬೆರಳೇ ಮಡಚಕ್ಕಾಗಲ್ಲ. ಯಾರಿಗಾದ್ರೂ ಕೊಟ್ಬಿಡಿ ಇದನ್ನ" ಎಂದಳು. ಅವಳ ಕಣ್ಣು ತುಂಬಿತ್ತು.

"ಮುಂದಿನ ಜುಲೈವರೆಗೂ ಟೈಮ್ ಕೊಡು" ಎಂದರು ಭಾವ. ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಹೇಳುವ ಮನುಷ್ಯ, ಹಿತ್ತಲಿಗೆ ಸೌದೆ ಬಾಯ್ಲರ್ ತಂದರು! ಕಾದ ನೀರು ಪೈಪಿನಲ್ಲಿ ಕೋಣೆ ಕೋಣೆಗೂ ಹೋಗಿ, ಅಲ್ಲಿನ ರೇಡಿಯೇಟರನ್ನು ಬೆಚ್ಚಗಾಗಿಸಿ, ಮತ್ತೆ ಬಾಯ್ಲರಿಗೆ ಮರಳಬೇಕು. ಇಷ್ಟೇ ಯೋಜನೆ.

ಪಂಪು ಎಷ್ಟು ದೊಡ್ಡದಿರಬೇಕು? ಭಾವ ಮೈಸೂರಿನಲ್ಲಿ ಸಂಪಿನಿಂದ ಟ್ಯಾಂಕಿಗೆ ನೀರು ಹತ್ತಿಸಿ ಬೆಳೆದವರು. ಟೇಪು ಹಿಡಿದು ಮಹಡಿಯ ಎತ್ತರ ಅಳೆದರು, ಕಾಫಿ ತೋಟಕ್ಕೆ ಸಾಕಾಗುವಂಥ ಪಂಪು ತಂದರು. ಸ್ವಿಚ್ ಒತ್ತಿದರೆ ಪೈಪುಗಳೆಲ್ಲ ಊಳಿಟ್ಟವು, ಪಕ್ಕದ ಮನೆಯ ನಾಯಿಯೂ ಜೊತೆಗೂಡಿತು! ಪೈಪು ಜೋಡಿಸಿದ ಫುಂಡಿ, ಅಂದರೆ ಮೇಸ್ತ್ರಿ, ಕಮಾವು ಸ್ವಿಚ್ ಆರಿಸಿ, ಸ್ವಾಹಿಲಿಯಲ್ಲಿ ಮೆಲ್ಲಗೆ ಕೇಳಿದ: "ಬ್ವಾನಾ, ಹತ್ತಿದ ನೀರು ಇಳಿದೂ ಬರುತ್ತಲ್ಲ?"

ಭಾವ ಹಣೆ ಚಚ್ಚಿಕೊಂಡರು. ಇಲ್ಲಿ ಟ್ಯಾಂಕೆಲ್ಲಿದೆ? ಹತ್ತುವ ನೀರಿನ ಭಾರವನ್ನು ಇಳಿಯುವ ನೀರೇ ಸರಿದೂಗಿಸುತ್ತದೆ, ಪಂಪು ಸೆಣಸಬೇಕಾದದ್ದು ಪೈಪಿನ ಉಜ್ಜಾಟದ ಜೊತೆ ಮಾತ್ರ. ಕಮಾವುಗೆ "ಅಸಾಂಟೆ" ಎಂದು ಧನ್ಯವಾದ ಹೇಳಿ ಪುಟ್ಟ ಪಂಪು ತಂದರು.

ಅಲ್ಲಿಂದ ಉಜ್ಜಾಟದ ಲೆಕ್ಕ ಶುರು! "ಒಂದು ಎಲ್ಬೋ, ಅಂದ್ರೆ ಪೈಪಿನ ಒಂದು ತಿರುವು, ಎರಡಡಿ ನೇರ ಪೈಪಿಗೆ ಸಮ ಕಣಯ್ಯಾ. ತಿರುವಿದ್ದಷ್ಟೂ ನೀರಿಗೆ ಸುಸ್ತು" ಎಂದು ಭಾವ ನನಗೆ ಪಾಠ ಹೇಳಿದರು. ಊರೊಳಗೆ ಓಡಾಡುವ ಮಟಾಟು ವ್ಯಾನು ಹತ್ತಿದರೂ ಅದೇ ಧ್ಯಾನ. ಪೇಟೆ ತಲುಪುವಷ್ಟರಲ್ಲಿ ರಸ್ತೆಯ ತಿರುವುಗಳಲ್ಲೇ ಒಂಬತ್ತು ಎಲ್ಬೋ ಎಣಿಸಿದ್ದರು. ಇಳಿಯಬೇಕಾದ ಸ್ಟಾಪು ಮಾತ್ರ ದಾಟಿ ಹೋಗಿತ್ತು!

ಜೂನ್ ಬಂತು. ಎಲ್ಲ ಕೋಣೆಗಳೂ ಬೆಚ್ಚಗಾದವು, ಕೊನೆಯಲ್ಲಿದ್ದ ಅಕ್ಕನ ಕೋಣೆಯೊಂದನ್ನು ಬಿಟ್ಟು. ಅಲ್ಲಿಂದ ಮರಳುವ ಪೈಪನ್ನು ಬಿಚ್ಚಿ, ಕೆಳಗೆ ಬಕೆಟ್ಟಿಟ್ಟು, ಗಡಿಯಾರ ಹಿಡಿದು ನೋಡಿದರೆ, ಬರಬೇಕಾದ ನೀರಿನಲ್ಲಿ ಅರ್ಧವೂ ಬರುತ್ತಿರಲಿಲ್ಲ. ಆ ದಾರಿಯಲ್ಲಿ ಹನ್ನೊಂದು ಎಲ್ಬೋ! ಯಾಕೆ? ತಮ್ಮ ಓದುವ ಕೋಣೆಯ ಪುಸ್ತಕಗಳಿಗೆ ಧಕ್ಕೆಯಾಗಬಾರದೆಂದು ಭಾವನೇ ಪೈಪನ್ನು ಸುತ್ತಿ ಬಳಸಿ ಒಯ್ಯಿಸಿದ್ದರು.

ಮರುದಿನ ಕಾಲೇಜಿಗೆ ರಜೆ ಹಾಕಿದರು. ಪುಸ್ತಕದ ಕಪಾಟು ಕಿತ್ತು, ಗೋಡೆಗೆ ತೂತು ಹೊಡೆಸಿ, ಪೈಪನ್ನು ನೆಟ್ಟಗೆ ಎಳೆಸಿದರು. ಉಳಿದದ್ದು ಮೂರೇ ಎಲ್ಬೋ. ಕೊನೆಯ ಕೋಣೆಗೆ ನೀರು ಬಿಸಿಯಾಗೇ ತಲುಪಲೆಂದು ತಮ್ಮ ಓದುವ ಕೋಣೆಯ ರೇಡಿಯೇಟರನ್ನೂ ತೆಗೆಸಿದರು. ದಾರಿಯಲ್ಲಿ ಬಿಸಿ ಸೋರಬಾರದೆಂದು ತಮ್ಮ ಉಣ್ಣೆಯ ಶಾಲನ್ನು ಹರಿದು ಪೈಪಿಗೆ ಸುತ್ತಿದರು. ಮನೆಯಲ್ಲಿ ನಾವೆಲ್ಲ ನಕ್ಕದ್ದೇ ನಕ್ಕದ್ದು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಜುಲೈಯ ಮೊದಲ ಭಾನುವಾರ ಅಕ್ಕನ ಕೋಣೆಯಲ್ಲಿ ಬೋರ್ಡು ಹಾಸಿದೆವು. ಅಕ್ಕ ಬೆರಳನ್ನು ಒಮ್ಮೆ ಮಡಚಿ, ಬಿಡಿಸಿ, ಸ್ಟ್ರೈಕರ್ ಹೊಡೆದಳು. ಟಪ್! ರಾಣಿಯೂ ಹೋಯಿತು, ಹಿಂದೆಯೇ ಕಾಯಿಯೂ ಹೋಯಿತು. ಓದುವ ಕೋಣೆಯಿಂದ ಆಗಷ್ಟೇ ಬಂದು, ಮಂಕಿ ಟೋಪಿ ಹಾಕಿಕೊಂಡೇ ಎದುರಿಗೆ ಕೂತಿದ್ದ ಭಾವನಿಗೆ ಒಂದು ಕಾಯಿಯೂ ಬೀಳಲಿಲ್ಲ.

"ಯಾಕ್ರೀ, ಬೇಕೂಂತ್ಲೇ ಸೋಲ್ತಿದೀರಾ?" ಎಂದು ಅಕ್ಕ ಅವರ ಕೈ ಹಿಡಿದಳು. ಭಾವನ ಬೆರಳುಗಳು ಮಂಜುಗಡ್ಡೆಯಾಗಿದ್ದವು.

"ಅಯ್ಯೋ, ನಿಮ್ಮ ಕೋಣೆ..." ಎಂದವಳೇ ಭಾವನ ಎರಡೂ ಕೈಗಳನ್ನು ಎಳೆದು ರೇಡಿಯೇಟರಿನ ಮೇಲಿಟ್ಟು, ಮೇಲಿಂದ ತನ್ನ ಕೈಗಳಿಂದ ಮುಚ್ಚಿದಳು. ಆಟ ಅರ್ಧಕ್ಕೇ ನಿಂತಿತು, ನಾನೇ ಎದ್ದುಹೋಗಿ ಎಲ್ಲರಿಗೂ ಕಾಫಿ ಮಾಡಿದೆ.