ಮೂರು ಧಪಾಟಿ, ಮೂರು ನಿಮಿಷ

ನನಗೆ ಜಂಭ ಬಂದಿದೆ, ಮಕ್ಕಳೇ. ಈ ವಯಸ್ಸಿನಲ್ಲಿ ಮೊಣಕಾಲು ನೋವು ಬರುತ್ತದೆ, ಮರೆವು ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ಜಂಭವೂ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದು ಒಮ್ಮೆ ಬಂತೆಂದರೆ ಸುಮ್ಮನೆ ಕೂರಲಾಗುವುದಿಲ್ಲ. ಕೆಳಗೆ ತರಕಾರಿ ಗಾಡಿ ಬಂದರೆ ಅವನಿಗೂ ಒಂದು ಮಾತು ಹೇಳೋಣವೇ ಎನಿಸುತ್ತದೆ. ಆದರೆ ಅವನಿಗೆ ಕನ್ನಡ ಬರುವುದಿಲ್ಲ, ನನ್ನ ತೆಲುಗು ಬದನೆಕಾಯಿ ಬೆಂಡೆಕಾಯಿ ದಾಟಿ ಮುಂದೆ ಹೋಗುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಅಜ್ಜಿ ಜಂಭ ಕೊಚ್ಚಿದರೆ ಕೇಳಿಸಿಕೊಳ್ಳುವುದು ಮೊಮ್ಮಕ್ಕಳ ಪಾಲಿಗೆ ಬಂದ ಕೆಲಸ.

ಇದರ ರುಚಿ ನಿಮಗೆ ತಿಳಿಯಬೇಕಾದರೆ ಮೊದಲು ನನ್ನ ನಾಚಿಕೆಯ ಅಳತೆ ತಿಳಿಯಬೇಕು. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ಮಾಸ್ತರರು ಲೆಕ್ಕ ಕೇಳಿದಾಗ ಉತ್ತರ ನನಗೆ ಗೊತ್ತಿರುತ್ತಿತ್ತು, ಆದರೆ ಕೈ ಮೇಲೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಶಾಂತವ್ವನ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಎದ್ದುನಿಂತು ಗಟ್ಟಿಯಾಗಿ ಹೇಳುತ್ತಿದ್ದಳು, ಮಾಸ್ತರರು ಅವಳಿಗೆ ಶಾಭಾಸ್ ಎನ್ನುತ್ತಿದ್ದರು. ಶಾಂತವ್ವ ಭಾಳ ಶಾಣ್ಯಾ ಹುಡುಗಿ ಎಂದು ಊರಲ್ಲೆಲ್ಲ ಹೆಸರಾಯಿತು, ಒಳ್ಳೆಯ ಕಡೆ ಮದುವೆಯೂ ಆಯಿತು. ನನಗೇನೂ ಹೊಟ್ಟೆಕಿಚ್ಚಿಲ್ಲ. ನನಗೂ ಒಳ್ಳೆಯ ಕಡೆಯೇ ಆಯಿತು. ನಿಮ್ಮ ಅಜ್ಜ ನನ್ನ ಮೌನವನ್ನು ಗಂಭೀರ ಸ್ವಭಾವ ಎಂದುಕೊಂಡು ಕೊನೆಯವರೆಗೂ ಗೌರವದಿಂದ ನಡೆಸಿಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಅವರು ಹೋದಮೇಲೆ ನಾನು ಹೈದರಾಬಾದಿನ ಮಿಯಾಪುರಕ್ಕೆ, ಮಗಳ ಮನೆಗೆ ಬಂದೆ. ಇಲ್ಲಿ ಇನ್ನೊಂದು ತೊಡಕು. ನಮ್ಮ ಕಡೆ, ನನ್ನ ಕಾಲದ ಹೆಂಗಸರು, ಅಳಿಯನ ಎದುರಿಗೆ ನಿಂತು ಮಾತಾಡುವುದಿಲ್ಲ. ಜಗಳವಲ್ಲ, ಮುನಿಸಲ್ಲ, ಮರ್ಯಾದೆ. ಅಳಿಯಂದಿರು ಎದುರಿಗೇ ಕೂತಿದ್ದರೂ ನಾನು ಮಗಳಿಗೆ ಹೇಳಬೇಕು, ಚಹಾ ಆರಾಕತ್ತೈತಿ ಅಂತ ಹೇಳವ್ವ ಎಂದು. ಅಷ್ಟರಲ್ಲಿ ಅವರು ಕೇಳಿಸಿಕೊಂಡು ಕಪ್ಪು ಕೈಗೆ ತೆಗೆದುಕೊಂಡಿರುತ್ತಾರೆ. ಆದರೂ ಮಗಳು ಚಹಾ ಆರಾಕತ್ತೈತಂತ್ರಿ ಎಂದು ಇನ್ನೊಮ್ಮೆ ಹೇಳಬೇಕು. ಅವರು, ತಗೊಂಡೀನಿ ಅಂತ ಹೇಳು ಎನ್ನಬೇಕು. ಮಗಳು ನನ್ನ ಕಡೆ ತಿರುಗಿ ತಗೊಂಡಾರಂತ ಎನ್ನಬೇಕು. ಒಂದು ಕಪ್ಪು ಚಹಾಕ್ಕೆ ನಾಲ್ಕು ಮಾತು. ಹೀಗೆಯೇ ವರ್ಷಗಟ್ಟಲೆ ಸುಖವಾಗಿ ನಡೆದಿತ್ತು.

ಈಚೆಗೆ ಮಗಳು ಆಫೀಸಿನ ತರಬೇತಿಗೆಂದು ಮುಂಬೈಗೆ ಹೋದಳು. ಮನೆಯಲ್ಲಿ ಉಳಿದವರು ನಾನು, ಅಳಿಯಂದಿರು, ಅವರ ಮಗಳಾದ ಆರನೆಯ ತರಗತಿಯ ನಮ್ಮ ಶ್ರಾವಣಿ. ಮಾತು ಮುಟ್ಟಿಸುವ ಕೆಲಸ ಶ್ರಾವಣಿಯ ತಲೆಗೆ ಬಂತು. ಅವಳಿಗೆ ಅದರಲ್ಲಿ ಶ್ರದ್ಧೆಯೇ ಇಲ್ಲ. ಅಪ್ಪ ಇಲ್ಲೇ ಅದಾರಲ್ಲ ಅಜ್ಜಿ, ನೀನೇ ಹೇಳು ಎಂದು ಎದ್ದುಹೋಗುತ್ತಾಳೆ.

ಒಂದು ಸಂಜೆ ಅವಳು ಶಾಲೆಯ ಒಂದು ಲೆಕ್ಕ ತಂದಳು. ಹಂಚಿನ ಮೇಲೆ ಒಂದು ಸಲಕ್ಕೆ ಎರಡೇ ರೊಟ್ಟಿ ಹಿಡಿಯುತ್ತವೆ. ಒಂದು ಬದಿ ಬೇಯಲು ಒಂದು ನಿಮಿಷ ಬೇಕು. ಮೂರು ರೊಟ್ಟಿಗಳು ಎರಡೂ ಬದಿ ಸಮನಾಗಿ ಬೇಯಬೇಕಾದರೆ ಕಡಿಮೆ ಎಂದರೆ ಎಷ್ಟು ಹೊತ್ತು ಬೇಕು? ಅಳಿಯಂದಿರು ಟೀವಿಯಿಂದ ಕಣ್ಣು ತೆಗೆಯದೆ ನಾಲ್ಕು ನಿಮಿಷ ಎಂದರು. ಎರಡಕ್ಕೆ ಎರಡು ನಿಮಿಷ, ಉಳಿದ ಒಂದಕ್ಕೆ ಎರಡು ನಿಮಿಷ, ಅದರಾಗ ಏನೈತಿ ಎಂದರು. ಶ್ರಾವಣಿ ಪೆನ್ನಿನಿಂದ ನಾಲ್ಕು ಎಂದು ಬರೆದಳು.

ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ನನ್ನ ಕೈ ನಿಂತಿತು. ಮೂರನೆಯ ರೊಟ್ಟಿ ಒಂಟಿಯಾಗಿ ಬೇಯುವಾಗ ಪಕ್ಕದ ಅರ್ಧ ಹಂಚು ಎರಡು ನಿಮಿಷ ಸುಮ್ಮನೆ ಕಾಯುತ್ತಿರುತ್ತದಲ್ಲ! ಕೆಳಗೆ ಗ್ಯಾಸು ಉರಿಯುತ್ತಿರುವಾಗ ಹಂಚು ಖಾಲಿ ಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ. ಅತ್ತೆಯ ಮನೆಯಲ್ಲಿ ಹೊಲದಿಂದ ಹಸಿದು ಬಂದವರು ತಾಟು ಹಿಡಿದು ಒಲೆಯ ಮುಂದೆಯೇ ಕೂರುತ್ತಿದ್ದರು. ಧಪಾಟಿ ಎಂದರೆ ನಮ್ಮ ಕಡೆಯ ಖಾರದ ರೊಟ್ಟಿ; ಅದರ ಒಂದು ಬದಿ ಬೆಂದೊಡನೆ ತೆಗೆದು ಒಲೆಯ ಕಲ್ಲಿಗೆ ಒರಗಿಸಿ, ಆ ಜಾಗಕ್ಕೆ ಇನ್ನೊಂದನ್ನು ಹಾಕುತ್ತಿದ್ದೆ. ಹಂಚು ಒಂದು ಗಳಿಗೆ ಖಾಲಿ ಇರುತ್ತಿರಲಿಲ್ಲ. ಮೂರು ರೊಟ್ಟಿಗೆ ಒಟ್ಟು ಆರು ಬದಿ, ಹಂಚಿನ ಮೇಲೆ ಒಂದು ನಿಮಿಷಕ್ಕೆ ಎರಡು ಬದಿ. ಮೂರು ನಿಮಿಷ ಸಾಕೇ ಸಾಕು.

ಹೋಗಲಿ, ಒಂದು ಲೆಕ್ಕ ತಪ್ಪಿದರೆ ಏನಾಯಿತು ಎಂದು ನೀವು ಕೇಳಬಹುದು. ಬೇರೆ ದಿನವಾಗಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ಆದರೆ ಶ್ರಾವಣಿ ಕೆಲವು ತಿಂಗಳ ಹಿಂದೆ ತರಗತಿಯಲ್ಲಿ ಒಂದು ತಪ್ಪು ಉತ್ತರ ಹೇಳಿದಾಗ ಹುಡುಗರೆಲ್ಲ ನಕ್ಕಿದ್ದರು. ಅಂದಿನಿಂದ ಹುಡುಗಿ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಟೀಚರು ಕರೆದು ಹೇಳಿದರೆಂದು ಮಗಳು ನನ್ನ ಹತ್ತಿರ ಬೇಸರಪಟ್ಟುಕೊಂಡಿದ್ದಳು. ಮೂಗು ನನ್ನ ಮಗಳದು, ಬಣ್ಣ ಅಳಿಯಂದಿರದು, ಈ ಒಂದು ನಾಚಿಕೆ ನನ್ನಿಂದಲೇ ಹೋಗಬೇಕೆ? ಈಗ ಅಪ್ಪನ ಉತ್ತರ ಸಿಕ್ಕಿದೆ ಎಂಬ ಧೈರ್ಯದಿಂದ, ನಾಳೆ ಎಲ್ಲರಿಗಿಂತ ಮೊದಲು ನಾನೇ ಹೇಳ್ತೀನಿ ಎಂದು ಕುಣಿಯುತ್ತಿದ್ದಳು. ಅದೂ ತಪ್ಪಾದರೆ ಆ ಕೈ ಮತ್ತೆ ಮೇಲೇಳುತ್ತದೆಯೇ?

ಅವಳನ್ನು ಒಳಗೆ ಕರೆದು ಮೆಲ್ಲಗೆ ಹೇಳಿದೆ. ಅವಳು ನನ್ನ ಗಲ್ಲ ಹಿಡಿದು, ಅಪ್ಪ ಇಂಜಿನಿಯರ್ ಅಜ್ಜಿ, ಫ್ಯಾಕ್ಟ್ರಿಯಾಗ ರಾಡಾರ್ ಮಾಡ್ತಾರ, ನೀ ಟೆನ್ಷನ್ ತಗೋಬ್ಯಾಡ ಎಂದಳು. ಸರಿ, ಸೂಚನೆಯಿಂದ ತಿಳಿಸೋಣ ಎಂದುಕೊಂಡೆ. ರಾತ್ರಿಯ ಊಟಕ್ಕೆ ಧಪಾಟಿಯೇ ಇತ್ತು. ಅಳಿಯಂದಿರು ಊಟಕ್ಕೆ ಕೂತ ಜಾಗದಿಂದ ಒಲೆ ಕಾಣುತ್ತದೆ. ಪುಟ್ಟ ಪುಟ್ಟ ಧಪಾಟಿ ಲಟ್ಟಿಸಿ ಎರಡು ಹಾಕಿದೆ, ಒಂದನ್ನು ತೆಗೆದೆ, ಇನ್ನೊಂದು ಹಾಕಿದೆ, ಅವರ ಗಮನ ಈ ಕಡೆ ಬರಲೆಂದು ಪ್ರತಿ ಸಲ ಸಟ್ಟುಗದಿಂದ ಹಂಚನ್ನು ಟಣ್ ಎಂದು ಬಡಿದೆ. ಅವರು ಮಗಳ ಕಡೆ ಬಾಗಿ, ಅಜ್ಜಿಗೆ ಏನರ ಸಿಟ್ಟು ಬಂದೈತೇನು ಕೇಳು ಎಂದರು.

ಊಟ ಮುಗಿಯುತ್ತ ಬಂದಿತ್ತು. ಶ್ರಾವಣಿ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಚೀಲದ ಜಿಪ್ಪು ಎಳೆಯುವ ಸದ್ದು ಕೇಳಿತು, ಅಷ್ಟೇ. ಬಾಯಿ ತಾನಾಗಿ ತೆರೆಯಿತು.

"ಮೂರು ನಿಮಿಷ ಸಾಕ್ರಿ."

ಅಳಿಯಂದಿರು ಟೀವಿಯ ಕಡೆ ನೋಡಿದರು. ಸುದ್ದಿ ಓದುವ ಹುಡುಗಿ ಏನೋ ಹೇಳಿದಳೆಂದುಕೊಂಡಿರಬೇಕು. ಆಮೇಲೆ ನನ್ನ ಕಡೆ ತಿರುಗಿದರು, ತಾಟು ಕೈಯಲ್ಲಿ ಹಿಡಿದೇ ಎದ್ದು ನಿಂತರು. ನನಗೆ ಅವರ ಮುಖ ಕಾಣಲಿಲ್ಲ; ನಾನು ತಾಟನ್ನೇ ನೋಡುತ್ತಿದ್ದೆ, ಅದರಲ್ಲಿ ಅರ್ಧ ಧಪಾಟಿ ಉಳಿದಿತ್ತು.

"ಅತ್ತಿಯವರ, ಏನಂದ್ರಿ?"

"ಅರ್ಧ ಹಂಚು ಖಾಲಿ ಬಿಡಬಾರದ್ರಿ," ಎಂದೆ. ಉಳಿದದ್ದನ್ನು ಮಾಡಿಯೇ ತೋರಿಸಿದೆ. ಶ್ರಾವಣಿಗೆ ಮೊಬೈಲಿನಲ್ಲಿ ಗಡಿಯಾರ ಹಚ್ಚಲು ಸನ್ನೆ ಮಾಡಿ ಒಲೆ ಹೊತ್ತಿಸಿದೆ. ಮೊದಲು ಎರಡು ಧಪಾಟಿ ಹಾಕಿದೆ. ಒಂದು ನಿಮಿಷವಾದಾಗ ಒಂದನ್ನು ಮಗುಚಿದೆ, ಎರಡನೆಯದನ್ನು ತಾಟಿನಲ್ಲಿ ತೆಗೆದಿಟ್ಟು ಆ ಜಾಗಕ್ಕೆ ಮೂರನೆಯದನ್ನು ಹಾಕಿದೆ. ಇನ್ನೊಂದು ನಿಮಿಷಕ್ಕೆ ಮೊದಲನೆಯದು ಪೂರ್ತಿ ಬೆಂದು ಕೆಳಗಿಳಿಯಿತು. ತೆಗೆದಿಟ್ಟದ್ದನ್ನು ಹಸಿ ಬದಿ ಕೆಳಗಾಗಿ ಮತ್ತೆ ಹಾಕಿ, ಮೂರನೆಯದನ್ನು ಮಗುಚಿದೆ. ಮೂರನೆಯ ನಿಮಿಷಕ್ಕೆ ಎರಡೂ ಇಳಿದವು. ಮೊಬೈಲು ಕಿರ್ ಎಂದಿತು.

ಅಳಿಯಂದಿರು ತಾಟು ಹಿಡಿದು ಒಲೆಯ ಪಕ್ಕ ಬಂದು ನಿಂತಿದ್ದರು. ಆಮೇಲೆ, ಫ್ಯಾಕ್ಟ್ರಿಯಾಗ ಮಷೀನು ಖಾಲಿ ನಿಂತರೆ ನಾನೇ ಮಂದಿಗೆ ಬೈತೀನಿ, ಮನ್ಯಾಗ ಅರ್ಧ ಹಂಚು ಖಾಲಿ ಬಿಟ್ಟೀನಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆದರೆ ಇಂಜಿನಿಯರು ಇಂಜಿನಿಯರೇ.

"ಅತ್ತಿಯವರ, ತೆಗೆದಿಟ್ಟದ್ದು ಆರತೈತಲ್ರಿ? ಮತ್ತ ಕಾಯಾಕ ಟೈಮ್ ಬೇಕಲ್ಲ?"

"ಲೆಕ್ಕದಾಗ ಆರೂದಿಲ್ರಿ."

ಅವರು ಗಟ್ಟಿಯಾಗಿ ನಕ್ಕರು. ಮರ್ಯಾದೆ ಮರೆತು ನಾನೂ ನಕ್ಕೆ. ಹುರುಪು ಹತ್ತಿದ ಅವರು, ಹಾಗಾದರೆ ಜೋಳದ ರೊಟ್ಟಿಯನ್ನೂ ಹೀಗೆಯೇ ಮಾಡಿ ತೋರಿಸಿ ಎಂದರು. ಅಲ್ಲಿ ಮಾತ್ರ ನಾನು ಕೈ ಮುಗಿದೆ. ಜೋಳದ ರೊಟ್ಟಿಗೆ ಹಂಚಿನ ಮೇಲೆ ನೀರು ಸವರಿದ ಮೇಲೆ ಅದನ್ನು ನಡುವೆ ಎತ್ತಿಡುವಂತಿಲ್ಲ. ಸೆಟೆದುಕೊಂಡು ಬಿರಿಯುತ್ತದೆ, ಉಬ್ಬುವುದೂ ಇಲ್ಲ. ಲೆಕ್ಕ ಮಾಡಿದವರು ಯಾರೋ, ಜೋಳದ ರೊಟ್ಟಿ ಬಡಿದವರಂತೂ ಅಲ್ಲ. ಶ್ರಾವಣಿ ನಾಲ್ಕನ್ನು ಹೊಡೆದು ಮೂರು ಎಂದು ಬರೆದಳು, ಕೆಳಗೆ ಮೂರು ಗುಂಡು ಗುಂಡು ಚಿತ್ರವನ್ನೂ ಬರೆದಳು.

ಮರುದಿನ ಅವಳು ಶಾಲೆಯಿಂದ ಬರುವವರೆಗೆ ನಾನು ಬಾಲ್ಕನಿಯಿಂದ ಒಳಗೆ, ಒಳಗಿನಿಂದ ಬಾಲ್ಕನಿಗೆ ತಿರುಗಿದ್ದೇ ತಿರುಗಿದ್ದು. ಲಿಫ್ಟಿನ ಬಾಗಿಲು ತೆರೆಯುವ ಮೊದಲೇ ಅವಳ ಧ್ವನಿ ಕೇಳಿಸಿತು. ಟೀಚರು ಕೇಳಿದ ಕೂಡಲೇ ಕೈ ಎತ್ತಿದಳಂತೆ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದಳಂತೆ. ಅಷ್ಟಕ್ಕೆ ನಿಲ್ಲದೆ, ಈ ಲೆಕ್ಕ ಜೋಳದ ರೊಟ್ಟಿಗೆ ನಡೆಯುವುದಿಲ್ಲ ಎಂದು ಕೆಳಗೆ ಒಂದು ನಿಯಮವನ್ನೂ ಬರೆದು ಅಡಿಗೆರೆ ಎಳೆದಳಂತೆ. ತೆಲುಗು ಮಾತಾಡುವ ಆ ಟೀಚರು ಒಂದು ಗಳಿಗೆ ತಬ್ಬಿಬ್ಬಾಗಿ, ಇದನ್ನು ಯಾರು ಹೇಳಿದರು ಎಂದು ಕೇಳಿದರಂತೆ. ನಮ್ಮ ಅಜ್ಜಿ ಎಂದಳಂತೆ, ಇಡೀ ತರಗತಿಗೆ ಕೇಳಿಸುವ ಹಾಗೆ. ಇಷ್ಟನ್ನೂ ನಾನು ಅವಳ ಬಾಯಿಂದ ಮತ್ತೆ ಮತ್ತೆ ಹೇಳಿಸಿಕೊಂಡೆ. ನನಗೆ ಸರಿಯಾಗಿ ಕೇಳಿಸಲಿಲ್ಲ ಎಂಬ ನೆಪ ಇತ್ತು.

ಅಂದಿನಿಂದ ಅಳಿಯಂದಿರು ನನ್ನೊಡನೆ ನೇರವಾಗಿಯೇ ಮಾತಾಡುತ್ತಾರೆ. ಬೆಳಗಿನ ಚಹಾಕ್ಕೆ ಕೂತರೆ ಫ್ಯಾಕ್ಟರಿಯ ಸುದ್ದಿ, ಮೆಟ್ರೋದ ಗದ್ದಲ, ಎಲ್ಲ ನನಗೇ. ನಾನೂ ಒಂದೆರಡು ಮಾತಿನ ಉತ್ತರ ಕೊಡಲು ಕಲಿತಿದ್ದೇನೆ. ಅಳಿಯನ ಜೊತೆ ಲೆಕ್ಕಶಾಸ್ತ್ರ ಮಾತಾಡುವ ಅತ್ತೆ ಈ ಹೈದರಾಬಾದಿನಲ್ಲಿ ಇನ್ನೊಬ್ಬಳು ಇರಲಾರಳು ಎಂದು ತಲೆ ಎತ್ತಿ ತಿರುಗುತ್ತಿದ್ದೆ. ಹೀಗಿರುವಾಗ ನಿನ್ನೆ ಊಟದ ನಡುವೆ ಅವರು ಬಹಳ ಸಂಕೋಚದಿಂದ, ತಪ್ಪು ತಿಳ್ಕೋಬ್ಯಾಡ್ರಿ ಅತ್ತಿಯವರ, ನಿಮ್ಮ ಸಾರಿಗೆ ಉಪ್ಪು ಮೊದಲಿನಿಂದಲೂ ಒಂದು ಚೂರು ಜಾಸ್ತಿ ಎಂದರು.

ಮಗಳಿಗೆ ಫೋನು ಹಚ್ಚಿ ಕೇಳಿದೆ. ಮದುವೆಯಾದ ಹೊಸದರಿಂದ ಹೇಳಾಕತ್ತಾರವ್ವ, ನಾನೇ ನಿನಗ ಮುಟ್ಟಿಸಿರಲಿಲ್ಲ ಎಂದಳು. ಹಾಗಾದರೆ ಊಟವಾದ ಮೇಲೆ ದಿನವೂ ಸಾರು ಭಾಳ ಛಲೋ ಆಗೇತಂತ ಎನ್ನುತ್ತಿದ್ದೆಯಲ್ಲ ಎಂದರೆ, ಅದು ನನ್ನದೇ ಮಾತು ಎಂದು ನಕ್ಕಳು. ಇವತ್ತು ಸಾರಿಗೆ ಉಪ್ಪು ಅಳೆದು ಹಾಕಿದ್ದೇನೆ. ಸರಿಯಾಯಿತೇ ಎಂದು ಅಳಿಯಂದಿರನ್ನು ನಾನೇ ಎದುರು ನಿಂತು ಕೇಳಬೇಕು. ಮಗಳ ಬಾಯಿಂದ ಕೇಳಿಸಿದರೆ ಉತ್ತರವನ್ನು ನಂಬುವಂತಿಲ್ಲ.