ಅಪ್ಪನ ಬೈಕಿಗೆ ನಾನು ಹೊಡೆದ ಕೆಂಪು ಬಣ್ಣ

ಬೈಕಿಗೆ ಬಣ್ಣ ಹೊಡೆಯುವುದೆಂದರೆ ಶನಿವಾರ ತಿಂಡಿಯಾದ ಮೇಲೆ ಶುರು ಮಾಡಿ, ಮಧ್ಯಾಹ್ನದ ಊಟಕ್ಕೆ ಕೈ ತೊಳೆದುಕೊಂಡು ಬರಬಹುದಾದ ಕೆಲಸ ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಅದರಲ್ಲಿ ಒಬ್ಬ ಹನ್ನೊಂದೇ ನಿಮಿಷದಲ್ಲಿ ಮುಗಿಸಿದ್ದ!

ಬೈಕ್ ನನ್ನ ಅಪ್ಪನದು. ನಾನು ಶಾಲೆಗೆ ಸೇರುವ ಮೊದಲೇ ಮನೆಗೆ ಬಂದದ್ದು. ಅಪ್ಪ ಮಲ್ಪೆ ಬಂದರಿನಲ್ಲಿ ನಲವತ್ತು ವರ್ಷ ಮೀನಿನ ಬೋಟುಗಳಿಗೆ ಬಣ್ಣ ಬಳಿದವರು. ಕಾಪುವಿನಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯಿಂದ ದಿನಾ ಇದೇ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಎಂಟು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಪ್ರತಿ ಸೋಮವಾರ ಮಣಿಪಾಲದ ಒಂದು ಸಣ್ಣ ಕ್ಲಿನಿಕ್ಕಿಗೆ ಮಾತಿನ ಅಭ್ಯಾಸಕ್ಕೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಅವರು ಗೋಡೆ ನೋಡುತ್ತಾರೆ. ಮನೆಯಲ್ಲಿ ಜಗಲಿಯ ಕುರ್ಚಿಯಲ್ಲಿ ಕುಳಿತು ಬೈಕ್ ನೋಡುತ್ತಾರೆ.

ಅದಕ್ಕೇ ನನಗೆ ಆ ಯೋಚನೆ ಬಂದದ್ದು. ಬೈಕ್ ಹೊಸದಾದರೆ ಅಪ್ಪನಿಗೂ ಸ್ವಲ್ಪ ಉಮೇದು ಬರಬಹುದಲ್ಲ! ಕಡು ಕೆಂಪು ಬಣ್ಣದ ಆರು ಸ್ಪ್ರೇ ಡಬ್ಬಿ ತಂದೆ. ಸ್ವತಃ ಬಣ್ಣದ ಕೆಲಸದವರಾದ ಅಪ್ಪನ ಕಣ್ಣೆದುರೇ, ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತನಾಗಿರುವ ನಾನು, ಬರ್ಮುಡಾ ಚಡ್ಡಿ ಧರಿಸಿ ಕಾರ್ಯಾರಂಭ ಮಾಡಿದೆ.

ಮೊದಲು ಹಳೆ ಬಣ್ಣ ತೆಗೆಯಬೇಕು. ಮರಳು ಕಾಗದ ಹಿಡಿದು ಟ್ಯಾಂಕನ್ನು ಉಜ್ಜತೊಡಗಿದೆ. ಅಪ್ಪ ಎಡಗೈ ಎತ್ತಿ ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದರು.

"ನೋಡು ಸುಮತಿ, ಹೇಗೆ ಉಜ್ಜಬೇಕು ಅಂತ ಅಪ್ಪ ತೋರಿಸುತ್ತಿದ್ದಾರೆ!" ಎಂದೆ ಹೆಂಡತಿಗೆ.

ಅಪ್ಪ ಇನ್ನೂ ಜೋರಾಗಿ ಕೈ ಆಡಿಸಿದರು. ನಾನು ಇನ್ನೂ ಜೋರಾಗಿ ಉಜ್ಜಿದೆ. ಅಪ್ಪನ ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ! ಉಜ್ಜುತ್ತಲೇ ಹೋದೆ. ಎರಡು ಗಂಟೆಯಲ್ಲಿ ನೀಲಿ ಬಣ್ಣವೆಲ್ಲ ಪುಡಿಯಾಗಿ ನೆಲಕ್ಕೆ ಬಿತ್ತು. ಸುಮತಿ ಗುಡಿಸಲು ಪೊರಕೆ ತಂದವಳು ಹಾಗೇ ನಿಂತಳು.

"ಈ ನೀಲಿ ಮಾವನೇ ಬಳಿದದ್ದಲ್ವಾ?"

"ಎಂತ?"

"ಬೋಟಿಗೆ ಬಳಿದು ಉಳಿದ ಬಣ್ಣ ತಂದು ಅವರೇ ಬ್ರಷ್‌ನಲ್ಲಿ ಬಳಿದದ್ದು. ನಾನು ಮದುವೆಯಾಗಿ ಬಂದ ವರ್ಷ. ನೀವೇ ಹೇಳಿದ್ದಲ್ವಾ ಮಾರಾಯ್ರೆ, ಬ್ರಷ್‌ನ ಒಂದು ಗೆರೆಯೂ ಕಾಣುವುದಿಲ್ಲ ಅಂತ?"

ಹೇಳಿದ್ದೆ. ಅಪ್ಪ ಕೈ ಆಡಿಸಿದ್ದು ‘ಉಜ್ಜು’ ಎಂದಲ್ಲ, ‘ಬೇಡ’ ಎಂದು. ಇನ್ನು ಬ್ರಷ್ ಹಿಡಿಯಲಾರದ ಆ ಬಲಗೈಯ ಕೆಲಸ ನಮ್ಮ ಮನೆಯಲ್ಲಿ ಅದೊಂದೇ ಉಳಿದಿತ್ತು. ಈಗ ಅದು ಸುಮತಿಯ ಪೊರಕೆಯ ಕೆಳಗಿತ್ತು.

ಅಪ್ಪ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು. ನಾನು ಜಗಲಿಯ ಮೆಟ್ಟಿಲ ಮೇಲೆ ಕುಳಿತು ಒಂದು ಲೋಟ ನೀರು ಕುಡಿದೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಆ ಹೊತ್ತು ನಮ್ಮ ಮನೆಯಲ್ಲಿ ಮಾತು ಹೋದವರು ಇಬ್ಬರು.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು, ಹೋದದ್ದಂತೂ ಹೋಯಿತು, ಹೊಸ ಬಣ್ಣವನ್ನಾದರೂ ಅಪ್ಪ ಮೆಚ್ಚುವಂತೆ ಹೊಡೆಯೋಣ ಎಂದು ತೀರ್ಮಾನಿಸಿದೆ. ಬಣ್ಣಕ್ಕೆ ಮೊದಲು ಪ್ರೈಮರ್ ಎಂಬ ಅಡಿಬಣ್ಣ ಬಳಿಯಬೇಕೆಂದು ವಿಡಿಯೋದಲ್ಲಿ ಹೇಳಿದ್ದನೆಂದು ಆಮೇಲೆ ಗೊತ್ತಾಯಿತು. ಆ ಭಾಗ ಬಂದಾಗ ನಾನು ಚಹಾ ತರಲು ಎದ್ದು ಹೋಗಿದ್ದೆ. ಹಾಗಾಗಿ ಬರಿ ತಗಡಿನ ಮೇಲೆ ನೇರವಾಗಿ ಸ್ಪ್ರೇ ಒತ್ತಿದೆ.

ಗಾಳಿ ಪಡುವಣ ಕಡೆಯಿಂದ ಬೀಸುತ್ತಿತ್ತು. ಇದನ್ನು ನಾನು ಗಮನಿಸಲಿಲ್ಲ. ಗಮನಿಸಿದವರು ಐರಿನ್ ಬಾಯಿ. ಅವರ ಮನೆ ನಮ್ಮ ಮನೆಯ ಮೂಡು ಬದಿಗೆ. ಅಂಗಳದ ತುಂಬ ಮಲ್ಲಿಗೆ ಗಿಡ. ಮೊಗ್ಗು ಕೊಯ್ದು, ಕಟ್ಟಿ, ಶಂಕರಪುರದ ವ್ಯಾಪಾರಿಗೆ ಕೊಡುತ್ತಾರೆ.

"ದಿನೇಶಾ! ಎಂತ ಮಾರಾಯ ಇದು?" ಬೇಲಿಯ ಆಚೆಯಿಂದ ಕೂಗಿದರು. "ಗಿಡಕ್ಕೆಲ್ಲ ದಡಾರ ಬಂದ ಹಾಗೆ ಆಗಿದೆ!"

ಹೋಗಿ ನೋಡಿದೆ. ಮುಂದಿನ ಸಾಲಿನ ಎಲೆ, ಮೊಗ್ಗು, ಹಗ್ಗದ ಮೇಲೆ ಒಣಗಲು ಹಾಕಿದ ದಿಂಬಿನ ಕವರು, ಎಲ್ಲದರ ಮೇಲೂ ಸಣ್ಣ ಸಣ್ಣ ಕೆಂಪು ಚುಕ್ಕಿ.

"ತೊಳೆದರೆ ಹೋಗಬಹುದು ಬಾಯಿ" ಎಂದೆ. ತೊಳೆಯಲು ಥಿನ್ನರ್ ತಂದೆ. ಒಂದು ಗಿಡಕ್ಕೆ ಒರೆಸಿದೆ. ಚುಕ್ಕಿ ಹೋಯಿತು. ಹಿಂದೆಯೇ ಎಲೆಗಳೂ ಬಾಡಿದವು.

ಐರಿನ್ ಬಾಯಿ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡರು. "ನೀನು ಇನ್ನು ಏನೂ ಸರಿ ಮಾಡಬೇಡ. ಮನೆಗೆ ಹೋಗು."

ಮನೆಗೆ ಬಂದರೆ ಅಲ್ಲಿ ಟ್ಯಾಂಕಿನ ಬಣ್ಣ ಇಳಿಯುತ್ತಿತ್ತು. ಡಬ್ಬಿಯನ್ನು ತೀರ ಹತ್ತಿರ ಹಿಡಿದಿದ್ದೆ. ಗಾಯದಿಂದ ರಕ್ತ ಸುರಿದ ಹಾಗೆ ಕೆಂಪು ಬಣ್ಣ ಧಾರೆಧಾರೆಯಾಗಿ ಎಂಜಿನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಇಳಿದ ಕಡೆ ಮುಚ್ಚಲು ಇನ್ನೊಂದು ಡಬ್ಬಿ ಹೊಡೆದೆ. ಅದೂ ಇಳಿಯಿತು. ಮತ್ತೊಂದು ಹೊಡೆದೆ. ಕಾದ ಹಾಲಿನ ಕೆನೆಯಂತೆ ಬಣ್ಣವೆಲ್ಲ ಸುಕ್ಕುಗಟ್ಟಿ ನಿಂತಿತು.

ಅಷ್ಟರಲ್ಲಿ ಸಂಜೆಯಾಗಿತ್ತು. ಬೈಕ್ ಮಾವಿನ ಮರದ ಕೆಳಗೆ ಇತ್ತು. ಹಸಿ ಬಣ್ಣದ ಮೇಲೆ ಎಲೆ, ಕಸ ಬೀಳದಿರಲಿ ಎಂದು ದೂರದೃಷ್ಟಿಯಿಂದ ಹಳೆ ಪೇಪರ್ ತಂದು ಟ್ಯಾಂಕಿಗೆ ಹೊದಿಸಿದೆ. ಇಡೀ ದಿನದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಇದೊಂದೇ ಎಂದುಕೊಂಡು ಒಳಗೆ ಹೋದೆ.

ಭಾನುವಾರ ಬೆಳಗ್ಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಸುಮತಿಯನ್ನೂ ಕರೆದು, ಪೇಪರ್ ಎಳೆದೆ. ಅರ್ಧ ಬಂತು. ಉಳಿದರ್ಧ ಬರಲಿಲ್ಲ.

ಬಾರದ ಅರ್ಧದಲ್ಲಿ, ಟ್ಯಾಂಕಿನ ನಟ್ಟನಡುವೆ, ಶಲ್ಯ ಹೊದ್ದ ಹಿರಿಯರೊಬ್ಬರ ಭಾವಚಿತ್ರ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಶ್ರದ್ಧಾಂಜಲಿ’. ಕೆಳಗೆ ‘ನಿಮ್ಮ ನೆನಪು ಸದಾ ಹಸಿರು’.

ಸುಮತಿ "ದೇವರೇ" ಎಂದು ಬಾಯಿಗೆ ಸೆರಗು ಹಿಡಿದಳು. ನಾನು ಓಡಿ ಹೋಗಿ ಎರಡೂ ಕೈಗಳಿಂದ ಟ್ಯಾಂಕನ್ನು ಮುಚ್ಚಿದೆ. ಬಣ್ಣ ಇನ್ನೂ ಒಣಗಿರಲಿಲ್ಲ, ಕೈ ಅಂಟಿಕೊಂಡಿತು. ಬದುಕಿರುವ ಅಪ್ಪನ ಬೈಕಿನ ಮೇಲೆ ಶ್ರದ್ಧಾಂಜಲಿ ಅಂಟಿಸಿ, ಅದಕ್ಕೆ ನಾನೂ ಅಂಟಿಕೊಂಡು, ಅವರ ಎದುರಿಗೇ ಬಗ್ಗಿ ನಿಂತಿದ್ದೆ! ತಲೆ ಎತ್ತಲು ಧೈರ್ಯ ಬರಲಿಲ್ಲ.

ಆಗ ಜಗಲಿಯಿಂದ ಒಂದು ಸ್ವರ ಕೇಳಿತು.

"ಮರ್ಲೆ!"

ನಮ್ಮ ಮನೆ ಮಾತು ತುಳು. ತುಳುವಿನಲ್ಲಿ ಮರ್ಲೆ ಎಂದರೆ ಹುಚ್ಚ.

ನಾನು ಸುಮತಿಯ ಮುಖ ನೋಡಿದೆ. ಅವಳು ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪನ ಎಡಗೈಯ ಬೆರಳು ನನ್ನ ಕಡೆಗಿತ್ತು.

"ಮರ್ಲೆ" ಎಂದರು ಮತ್ತೊಮ್ಮೆ, ಇನ್ನೂ ಸ್ಪಷ್ಟವಾಗಿ. ಮುಖದ ಒಂದು ಬದಿ ನಗುತ್ತಿತ್ತು. ಇನ್ನೊಂದು ಬದಿ ಎಂಟು ತಿಂಗಳಿಂದ ಇದ್ದ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಆ ನಗುವೂ ಅಳುವಾಯಿತು. ಸುಮತಿ ಹೋಗಿ ಅವರ ಬೆನ್ನು ಸವರಿದಳು. ನನಗೆ ಹೋಗಲಾಗಲಿಲ್ಲ. ಕೈ ಬಿಡಿಸಿಕೊಳ್ಳಬೇಕಿತ್ತು.

ಸೋಮವಾರ ಮಣಿಪಾಲಕ್ಕೆ ಹೋದೆವು. ಮಾತು ಕಲಿಸುವ ಮೇಡಂ ಮೈಸೂರಿನ ಕಡೆಯವರು, ತುಳು ಬಾರದು. ನನ್ನನ್ನು ತೋರಿಸಿ, ಎಂದಿನಂತೆ ನಿಧಾನವಾಗಿ ಕೇಳಿದರು, "ಅಜ್ಜ, ಇವರು ಯಾರು ಹೇಳಿ ನೋಡೋಣ?"

ಪ್ರತಿ ವಾರ ಆ ಪ್ರಶ್ನೆಗೆ ಗೋಡೆಯೇ ಉತ್ತರ. ಈ ಸಲ ಅಪ್ಪ ನನ್ನನ್ನೇ ನೋಡಿದರು.

"ಮರ್ಲೆ."

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ಎಷ್ಟು ಚೆನ್ನಾಗಿ ಹೇಳಿದ್ರು! ಮನೇಲಿ ಏನ್ ಮಾಡಿಸಿದ್ರಿ ನೀವು? ಮರ್ಲೆ ಅನ್ನೋದು ನಿಮ್ಮ ಮನೇಲಿ ಕರೆಯೋ ಹೆಸರಾ?"

ನಾನು ಬಾಯಿ ತೆರೆಯುವ ಮೊದಲೇ ಸುಮತಿ "ಹೌದು ಮೇಡಂ" ಎಂದಳು.

ಮೇಡಂ ಫೈಲಿನಲ್ಲಿ ಬರೆದುಕೊಂಡರು: ಮಗನನ್ನು ಗುರುತಿಸಿ ಹೆಸರು ಹೇಳುತ್ತಾರೆ.

ಈಗ ಅಪ್ಪ ನೀರು, ಅನ್ನ, ಸಾಕು ಎನ್ನುತ್ತಾರೆ. ದಿನೇಶ ಎನ್ನಲು ಇನ್ನೂ ಬರುವುದಿಲ್ಲ. ಪ್ರತಿ ಸೋಮವಾರ ನಮ್ಮ ಸರದಿ ಬಂದಾಗ ಮೇಡಂ ಬಾಗಿಲಿಗೆ ಬಂದು, ಕಾದು ಕುಳಿತ ಹತ್ತಾರು ಜನರ ಮುಂದೆ ನಗುನಗುತ್ತ ಕರೆಯುತ್ತಾರೆ, "ಮರ್ಲೆಯವರೇ, ತಂದೇನ ಕರ್ಕೊಂಡು ಬನ್ನಿ."

ತುಳು ಗೊತ್ತಿದ್ದವರೆಲ್ಲ ತಿರುಗಿ ನೋಡುತ್ತಾರೆ. ನಾನು ಎದ್ದು ಹೋಗುತ್ತೇನೆ.